ಹಗೇವು, ಸೈಲೊ ಮತ್ತು ತಿರುಪು : ಒಂದು ವಿವೇಚನೆ

ಪ್ರತಿವರ್ಷದ ಸಂಚಿಕೆಗೆ ಛಂದಸ್ಸನ್ನೋ ವ್ಯಾಕರಣವನ್ನೋ ಹಿಡಿದು ನಾಲ್ಕು ಪುಟ ಬರೆದುಕೊಡುವುದು ನನ್ನ ವಾಡಿಕೆ. ಈ ಸಲ ಯಂತ್ರವೊಂದನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ನಮ್ಮ ವಿಜ್ಞಾನದ ಉಪಾಧ್ಯಾಯ ಮಿತ್ರರು ನಗಬಹುದು. ಪಂಡಿತನಿಗೆ ತನ್ನದಲ್ಲದ ಗೊಡವೆ ಏಕೆಂದು ಹಳೆಯ ವಿದ್ಯಾರ್ಥಿಗಳು ಕೇಳಬಹುದು. ಈ ಗೊಡವೆಯನ್ನು ನನಗೆ ಅಂಟಿಸಿದವನು ಅಂಥ ಹಳೆಯ ವಿದ್ಯಾರ್ಥಿಗಳಲ್ಲಿಯೇ ಒಬ್ಬ. ಪಶು ಆಹಾರದ ಕಾರ್ಖಾನೆಯೊಂದರಲ್ಲಿ ಉಗ್ರಾಣದ ಹೊಣೆ ಹೊತ್ತಿರುವ ಆತ, ಅಲ್ಲಿ ನಡೆದ ಘಟನೆಯೊಂದನ್ನು ನನ್ನೆದುರು ಹೇಳಿ, ಕಾಗದದ ಮೇಲೆ ಒಂದು ಸುರುಳಿಯನ್ನು ಬರೆದು ತೋರಿಸಿದ. ಆ ಸುರುಳಿಯ ಸುತ್ತುಗಳ ನಡುವಣ ಅಂತರವೆಂಬ ಸಣ್ಣ ಸಂಗತಿ ಒಬ್ಬ ಮನುಷ್ಯನ ಪ್ರಾಣಕ್ಕೆ ಹೇಗೆ ತೊಡಕಿಕೊಂಡಿತ್ತೆಂಬುದು ತಿಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಓದಿದೆ, ಬಲ್ಲವರನ್ನು ಕೇಳಿದೆ, ಒಂದೆರಡು ಕಡೆ ಹೋಗಿ ನೋಡಿದೆ. ಅದರ ಫಲ ಈ ಲೇಖನ.

ಶಬ್ದದಿಂದ ಆರಂಭಿಸುವುದು ನನ್ನಂಥವರ ಚಾಳಿ. ಪಟ್ಟಣಗಳ ಹೊರವಲಯದಲ್ಲಿ ತಗಡಿನ ಅಥವಾ ಕಾಂಕ್ರೀಟಿನ ದುಂಡನೆಯ ಗೋಪುರಗಳನ್ನು ವಾಚಕರು ಕಂಡಿರುತ್ತಾರೆ. ಕೆಲವುಗಳಲ್ಲಿ ಗೋವಿನಜೋಳ, ಕೆಲವುಗಳಲ್ಲಿ ಸಿಮೆಂಟು, ಮತ್ತೆ ಕೆಲವುಗಳಲ್ಲಿ ಕಲ್ಲಿದ್ದಲು ಉರಿದುಳಿದ ಹಾರುಬೂದಿ. ಇವಕ್ಕೆ ಸೈಲೊ ಎಂದು ಹೆಸರು. ಈ ಹೆಸರು ಸ್ಪ್ಯಾನಿಷ್ ಭಾಷೆಯದು. ಅಲ್ಲಿ ಅದರ ಮೂಲಾರ್ಥ ಗೋಪುರವಲ್ಲ, ಕಾಳು ತುಂಬಲು ನೆಲದಲ್ಲಿ ತೋಡಿದ ಕುಳಿ. ಗ್ರೀಕಿನ 'ಸಿರೋಸ್' ಎಂಬುದರಿಂದ ಅದು ಬಂದಿತೆಂಬುದು ಬಹುಕಾಲದ ಅಭಿಪ್ರಾಯ. ಒಪ್ಪದ ವಿದ್ವಾಂಸರೂ ಉಂಟು. ಮೂಲ ಏನೇ ಇರಲಿ, ಸೈಲೊ ಎಂದರೆ ನಮ್ಮ ಹಗೇವೇ. ನೆಲದೊಳಗಿದ್ದ ಹೆಸರು ಕಾಲಾಂತರದಲ್ಲಿ ಮುಗಿಲಿಗೆ ಏರಿ ನಿಂತಿದೆ.

ಸೈಲೊದ ತಳದಿಂದ ಸರಕನ್ನು ಹೊರಕ್ಕೆ ಎಳೆಯುವ ಸಾಧನಗಳಲ್ಲಿ ಮುಖ್ಯವಾದದ್ದನ್ನು ಕಾರ್ಖಾನೆಯವರು ಸ್ಕ್ರೂ ಕನ್ವೇಯರ್ ಎನ್ನುತ್ತಾರೆ. ನಾನು ಅದನ್ನು ತಿರುಪು ಎಂದಷ್ಟೇ ಕರೆಯುತ್ತೇನೆ. ತಿರುಗು, ತಿರುವು, ತಿರುಪು, ತಿರುಗಣಿ ಇವೆಲ್ಲ ಒಂದೇ ಕುಲದ ಮಾತುಗಳು. ಮನೆಯಿಂದ ಮನೆಗೆ ಸುತ್ತಿ 'ತಿರಿದು' ಉಣ್ಣುವುದೂ ಆ ಕುಲದ್ದೇ. ಇಂಗ್ಲಿಷಿನಲ್ಲಿ ಇದಕ್ಕೆ ಆಗರ್ ಎಂದೂ ಹೆಸರಿದೆ. ಬಡಿಗನ ಬೈರಿಗೆಗೆ ಅಲ್ಲಿ ಅದೇ ಶಬ್ದ. ಅದರ ಆದಿಯಲ್ಲಿ ಪೂರ್ವದಲ್ಲಿ ನಕಾರವಿತ್ತು. ಆ ನಕಾರ ಹಿಂದಿನ ಪದಕ್ಕೆ ಅಂಟಿಕೊಂಡು ಹೋಗಿ ಶಬ್ದ ಬೋಳಾಯಿತು. ಪದಚ್ಛೇದದಲ್ಲಿ ತಪ್ಪುವ ನಮ್ಮ ಮಕ್ಕಳು ಒಬ್ಬಂಟಿಗರಲ್ಲವೆಂದು ಸಮಾಧಾನ ತಂದುಕೊಳ್ಳಬಹುದು.

ಇರಲಿ, ಹಗೇವಿಗೆ ಬರೋಣ. ನನ್ನ ಬಾಲ್ಯದಲ್ಲಿ ನಮ್ಮ ಊರಿನ ದೊಡ್ಡ ಮನೆತನಗಳಿಗೆಲ್ಲ ಹಗೇವುಗಳಿದ್ದವು. ನೀರು ನಿಲ್ಲದ ಎತ್ತರದ ಗಟ್ಟಿ ನೆಲ. ಬಾಯಿ ಕಿರಿದು, ಒಡಲು ಹಿರಿದು. ಒಳಮೈಗೆ ಕಣಿಕೆ, ಹುಲ್ಲು ಹೊಂದಿಸಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲನ್ನಿಟ್ಟು ಸುತ್ತ ಮಣ್ಣು ಮೆತ್ತುತ್ತಿದ್ದರು. ಕಾಳು ಜೀವವಿರುವ ವಸ್ತು, ಅದು ಉಸಿರಾಡುತ್ತದೆ. ಮುಚ್ಚಿದ ಕುಳಿಯಲ್ಲಿ ಕಾಳೂ ಅದರೊಳಗಿನ ಹುಳುವೂ ಉಸಿರಾಡುತ್ತ ಆಮ್ಲಜನಕವನ್ನು ತೀರಿಸಿ ಇಂಗಾಲದ ಡೈಆಕ್ಸೈಡನ್ನು ತುಂಬುತ್ತವೆ. ಆಗ ಹುಳು ಸಾಯುತ್ತದೆ, ಜೋಳ ಉಳಿಯುತ್ತದೆ. ಔಷಧ ಹೊಡೆಯದೆ ಜೋಳ ವರ್ಷಗಟ್ಟಲೆ ಉಳಿಯುತ್ತಿದ್ದ ಗುಟ್ಟು ಇದೇ. ಹುಳುವನ್ನು ಕೊಲ್ಲುವ ಆ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಅದು ಸಾಮಾನ್ಯ ಗಾಳಿಗಿಂತ ಭಾರ. ಕಲ್ಲು ಸರಿಸಿದೊಡನೆ ಹೊರಗೆ ಹೋಗದೆ ತಳದಲ್ಲಿಯೇ ನಿಲ್ಲುತ್ತದೆ. ಹಗೇವಿಗೆ ಇಳಿದವನು ಮೇಲೆ ಬಾರದೆ, ಅವನನ್ನು ಎತ್ತಲು ಇಳಿದವನೂ ಬಾರದೆ ಹೋದ ಸುದ್ದಿಗಳನ್ನು ಕೇಳದ ಊರು ನಮ್ಮ ಕಡೆ ವಿರಳ.

ನಮ್ಮ ಅಜ್ಜನವರು ಹಗೇವು ತೆಗೆಯುವ ಹಿಂದಿನ ದಿನವೇ ಬಾಯಿಗಲ್ಲನ್ನು ಸರಿಸಿಡುತ್ತಿದ್ದರು. ಮರುದಿನ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಡುತ್ತಿದ್ದರು. ದೀಪ ಆರಿದರೆ ಆ ದಿನ ಯಾರೂ ಇಳಿಯುವಂತಿಲ್ಲ, ಮನೆಯಲ್ಲಿ ಹಿಟ್ಟು ಇರಲಿ ಇಲ್ಲದಿರಲಿ. ಇದು ಪ್ರಶಂಸನೀಯ ಎಚ್ಚರಿಕೆ; ಆದರೆ ದೀಪ ಉರಿದ ಮಾತ್ರಕ್ಕೆ ಗಾಳಿ ನಿರಪಾಯವೆಂದು ಇಂದಿನ ಶಾಸ್ತ್ರ ಒಪ್ಪದು. ಹಿಟ್ಟು ತೌಡುಗಳ ಸೈಲೊದಲ್ಲಂತೂ ಈ ಪರೀಕ್ಷೆಯನ್ನು ಸರ್ವಥಾ ಮಾಡತಕ್ಕದ್ದಲ್ಲ. ಗಾಳಿಯಲ್ಲಿ ತೇಲುವ ಹಿಟ್ಟಿನ ಧೂಳಿಗೆ ಬೆಂಕಿ ತಾಗಿದರೆ ಅದು ಮದ್ದಿನಂತೆ ಸಿಡಿಯುತ್ತದೆ.

ಹಗೇವಿನಿಂದ ಕಾಳು ಹೊರಗೆ ಬರಬೇಕಾದರೆ ಮನುಷ್ಯ ಒಳಗೆ ಹೋಗಲೇಬೇಕಿತ್ತು. ಗೋಪುರದ ಸೈಲೊದಲ್ಲಿ ಹಾಗಾಗಬಾರದು. ಮೇಲಿನಿಂದ ಸುರಿದದ್ದು ತನ್ನ ಭಾರದಿಂದಲೇ ಕೆಳಗಿನ ಬಾಯಿಂದ ಬರಬೇಕು. ಆದರೆ ಕಾಳು ನೀರಲ್ಲ. ಹೊಂಡ ಆಳವಾದಷ್ಟೂ ನೀರಿನ ಒತ್ತಡ ಹೆಚ್ಚುತ್ತ ಹೋಗುತ್ತದೆ. ಧಾನ್ಯದ ಗೋಪುರದಲ್ಲಿ ಒತ್ತಡ ಸ್ವಲ್ಪ ಆಳದವರೆಗೆ ಹೆಚ್ಚಿ, ಅನಂತರ ಹೆಚ್ಚುಕಡಿಮೆ ಅಲ್ಲಿಯೇ ನಿಲ್ಲುತ್ತದೆ. ಕಾಳಿನ ಭಾರದ ಬಹುಪಾಲನ್ನು ಗೋಡೆಗಳು ಘರ್ಷಣೆಯ ಮೂಲಕ ತಮ್ಮ ಮೇಲೆ ಹೊತ್ತುಕೊಳ್ಳುವುದೇ ಇದಕ್ಕೆ ಕಾರಣ. 1895ರಲ್ಲಿ ಜರ್ಮನಿಯ ಯಾನ್ಸೆನ್ ಎಂಬ ಇಂಜಿನಿಯರು ಇದನ್ನು ಪ್ರಯೋಗದಿಂದ ಅಳೆದು ಸೂತ್ರರೂಪದಲ್ಲಿ ಪ್ರಕಟಿಸಿದನು. ಸೈಲೊ ಕಟ್ಟುವವರು ಇಂದಿಗೂ ಆ ಸೂತ್ರವನ್ನು ಬಿಟ್ಟಿಲ್ಲ. ಇದರಿಂದ ಹೊರಡುವ ಅರ್ಥವೊಂದನ್ನು ಮರೆಯಬಾರದು: ಮೇಲೆ ನೂರು ಟನ್ನು ಸರಕಿದ್ದರೂ ಕೆಳಗಿನ ಬಾಯಲ್ಲಿ ಆ ನೂರು ಟನ್ನಿನ ಒತ್ತಡ ಇರುವುದಿಲ್ಲ. ಅಂಟುವ ಸರಕು ಬಾಯಲ್ಲಿ ಸಿಕ್ಕಿಕೊಂಡರೆ ಮೇಲಿನ ಭಾರ ಅದನ್ನು ನೂಕಿಬಿಡುತ್ತದೆಂದು ನಂಬುವಂತಿಲ್ಲ.

ಹಿಟ್ಟಿನ ಗಿರಣಿಯಲ್ಲಿ ಸರದಿಗಾಗಿ ಕಾದು ಕುಳಿತವರೆಲ್ಲರೂ ಇದನ್ನು ಕಂಡವರೇ. ಜೋಳವಾದರೆ ಹಾಪರಿನಿಂದ ಸರಸರನೆ ಇಳಿಯುತ್ತದೆ. ಹಸಿ ಮೆಣಸಿನ ಪುಡಿಯೋ ನೆನೆದು ಆರಿದ ಅಕ್ಕಿಯೋ ಆದರೆ ಗಿರಣಿಯವನು ಹಾಪರಿನ ಮೈಗೆ ಆಗಾಗ ಬಡಿಯುತ್ತಲೇ ಇರುತ್ತಾನೆ. ಬಡಿಯದಿದ್ದರೆ ಒಳಗಿನ ಪುಡಿ ಎರಡೂ ಗೋಡೆಗಳಿಗೆ ಹೆಗಲು ಕೊಟ್ಟು ಕಮಾನಾಗಿ ನಿಂತುಬಿಡುತ್ತದೆ. ಬಾಗಿಲ ಮೇಲೆ ಗಾರೆಯವನು ಕಟ್ಟಿದ ಕಮಾನು ಹೇಗೆ ಮೇಲಿನ ಗೋಡೆಯ ಭಾರವನ್ನು ಹೊರುತ್ತದೆಯೋ ಹಾಗೆಯೇ ಇದೂ ಹೊರುತ್ತದೆ. ಕೆಳಗೆ ಪೊಳ್ಳು, ಮೇಲೆ ಗಟ್ಟಿ ನೆಲದ ಹಾಗೆ ಕಾಣುವ ಹೊದಿಕೆ. ಇನ್ನೊಂದು ಬಗೆಯಲ್ಲಿ, ಬಾಯಿಯ ನೇರಕ್ಕೆ ಇರುವಷ್ಟು ಸರಕು ಮಾತ್ರ ಇಳಿದು ಉಳಿದದ್ದು ಸುತ್ತಲೂ ಗೋಡೆಯಂತೆ ನಿಲ್ಲುತ್ತದೆ. ಇಂಜಿನಿಯರರು ಇದಕ್ಕೆ ಇಲಿಬಿಲ ಎಂದು ಹೆಸರಿಟ್ಟಿರುವುದು ನನಗೆ ಬಹಳ ಮೆಚ್ಚುಗೆಯಾಯಿತು. ಇಲಿಬಿಲ ಬಿದ್ದ ಸೈಲೊದಲ್ಲಿ ಕೊನೆಗೆ ಸುರಿದದ್ದು ಮೊದಲು ಹೊರಬರುತ್ತದೆ. ಮೊದಲು ಸುರಿದದ್ದು ತಿಂಗಳುಗಟ್ಟಲೆ ಕದಲುವುದೇ ಇಲ್ಲ. ಹಾಗೆ ನಿಂತ ಆಹಾರಕ್ಕೆ ತೇವ ತಗುಲಿದರೆ ಬೂಸ್ಟು ಹಿಡಿಯುತ್ತದೆ. ಕೆಲವು ಬೂಸ್ಟುಗಳ ವಿಷ ಮೇವಿನಿಂದ ಆಕಳಿಗೆ, ಆಕಳಿನಿಂದ ಹಾಲಿಗೆ ಇಳಿಯುತ್ತದೆಂಬುದು ಸಿದ್ಧವಾದ ಸಂಗತಿ.

ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲೆಸಿದ ಆಂಡ್ರೂ ಜೆನಿಕೆ ಎಂಬ ವಿದ್ವಾಂಸರು ಈ ಒಂದು ಪ್ರಶ್ನೆಗೆ ವರ್ಷಗಟ್ಟಲೆ ದುಡಿದವರು. ಅವರ ಗ್ರಂಥಗಳು ಯೂಟಾ ವಿಶ್ವವಿದ್ಯಾಲಯದಿಂದ 1961ರಲ್ಲಿಯೂ 1964ರಲ್ಲಿಯೂ ಹೊರಬಂದವು. ಸರಕಿನ ಅಂಟುತನವನ್ನೂ ಗೋಡೆಯ ಜಾರುತನವನ್ನೂ ಅಳೆದು, ಕೆಳಬಾಯಿ ಎಷ್ಟು ಅಗಲವಿರಬೇಕು, ಆಲಿಕೆಯ ಇಳಿಜಾರು ಎಷ್ಟು ಕಡಿದಾಗಿರಬೇಕು ಎಂಬುದನ್ನು ಕಟ್ಟುವ ಮೊದಲೇ ಲೆಕ್ಕ ಹಾಕುವ ವಿಧಾನವನ್ನು ಅವರು ಕೊಟ್ಟರು. ತೌಡು, ಹಿಂಡಿಯ ಹಿಟ್ಟಿನಂಥ ಸರಕಿಗೆ ದುಂಡು ತೂತಿಗಿಂತ ಉದ್ದನೆಯ ಸೀಳುಬಾಯಿ ಮೇಲು. ಸೀಳುಬಾಯಿಯ ಉದ್ದಕ್ಕೂ ಸರಕನ್ನು ಸೆಳೆಯಲು ಅದರ ಕೆಳಗೆ ತಿರುಪನ್ನು ಮಲಗಿಸುತ್ತಾರೆ.

ಈ ತಿರುಪಿನ ಚರಿತ್ರೆ ದೀರ್ಘವಾದದ್ದು. ನಾನು ಎರಡೇ ಮೆಟ್ಟಿಲುಗಳನ್ನು ಹೇಳುತ್ತೇನೆ. ನೀರೆತ್ತುವ ತಿರುಪಿಗೆ ಕ್ರಿಸ್ತಪೂರ್ವ 3ನೆಯ ಶತಮಾನದ ಆರ್ಕಿಮಿಡೀಸನ ಹೆಸರು ಅಂಟಿಕೊಂಡಿದೆ. ಅವನಿಗಿಂತ ಮೊದಲೇ ಅದು ಇತ್ತೆನ್ನುವವರೂ ಇದ್ದಾರೆ. ಒಣ ಸರಕನ್ನು ತಿರುಪಿನಿಂದ ಸಾಗಿಸಿ ಕಾರ್ಖಾನೆಯೊಂದನ್ನೇ ನಡೆಸಿ ತೋರಿಸಿದ ಕೀರ್ತಿ ಅಮೆರಿಕೆಯ ಆಲಿವರ್ ಇವಾನ್ಸನದು. 18ನೆಯ ಶತಮಾನದ ಕೊನೆಯಲ್ಲಿ ಡೆಲವೇರ್ ಪ್ರಾಂತದ ತನ್ನ ಹಿಟ್ಟಿನ ಗಿರಣಿಯಲ್ಲಿ ಆತ ಡಬ್ಬಿಗಳ ಸರಪಣಿಯಿಂದ ಕಾಳನ್ನು ಮೇಲಕ್ಕೆತ್ತಿ, ಮರದ ದಂಡಕ್ಕೆ ಸುರುಳಿಯ ಸಾಲಿನಲ್ಲಿ ಹಲಗೆಚೂರುಗಳನ್ನು ಬಡಿದು ಮಾಡಿದ ತಿರುಪಿನಿಂದ ಅಡ್ಡಕ್ಕೆ ಸಾಗಿಸಿದನು. ಹೆಗಲ ಮೇಲೆ ಚೀಲ ಹೊರುವ ಆಳುಗಳಿಲ್ಲದೆ ಕಾಳು ಹಿಟ್ಟಾಯಿತು. 1790ರಲ್ಲಿ ಅಮೆರಿಕೆಯ ಸರ್ಕಾರ ಕೊಟ್ಟ ಪೇಟೆಂಟುಗಳಲ್ಲಿ ಮೂರನೆಯದು ಈತನದೇ. ಗಿರಣಿಯ ವಿದ್ಯೆಯನ್ನು ಕುರಿತ ಅವನ ಪುಸ್ತಕ 1795ರಲ್ಲಿ ಪ್ರಕಟವಾಯಿತು.

ನೀರೆತ್ತುವ ತಿರುಪಿಗೂ ಕಾಳು ಸಾಗಿಸುವ ತಿರುಪಿಗೂ ರೂಪ ಒಂದೇ, ನ್ಯಾಯ ಬೇರೆ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಅವಶ್ಯ. ನೀರು ತನ್ನ ಭಾರದಿಂದ ಸುರುಳಿಯ ತಗ್ಗುಗಳಲ್ಲಿ ನಿಂತು, ತಗ್ಗು ಮೇಲಕ್ಕೆ ಸರಿದಂತೆ ತಾನೂ ಸರಿಯುತ್ತದೆ. ಕಾಳಿನದು ಬೋಲ್ಟು ಮತ್ತು ನಟ್ಟಿನ ನ್ಯಾಯ. ಬೋಲ್ಟನ್ನು ತಿರುವುವಾಗ ನಟ್ಟನ್ನು ಬೆರಳಿನಿಂದ ಹಿಡಿದರೆ ಅದು ಮುಂದಕ್ಕೆ ಹೋಗುತ್ತದೆ. ಬಿಟ್ಟರೆ ಬೋಲ್ಟಿನ ಜೊತೆಗೆ ತಾನೂ ಗಿರಗಿರನೆ ತಿರುಗಿ ಇದ್ದಲ್ಲಿಯೇ ಇರುತ್ತದೆ. ಇಲ್ಲಿ ಸರಕೇ ನಟ್ಟು. ಅದನ್ನು ತಿರುಗದಂತೆ ಹಿಡಿಯುವ ಬೆರಳೆಂದರೆ ಅದರ ಸ್ವಂತ ಭಾರ ಮತ್ತು ತಿರುಪು ಮಲಗಿರುವ ದೋಣಿಯ ಘರ್ಷಣೆ. ಆದ್ದರಿಂದ ಸುರುಳಿಯ ತಗಡು ನುಣುಪಾಗಿರಬೇಕು, ಸರಕು ಅದಕ್ಕೆ ಅಂಟಬಾರದು. ಕಾಕಂಬಿ ಬೆರೆತ ಮೇವಿನಂಥ ಜಿಗುಟು ಪದಾರ್ಥವಾದರೆ ದಂಡದ ಬುಡಕ್ಕೆ ಮೆತ್ತಿಕೊಂಡು ತಿರುಪು ಒಂದು ಉರುಳೆಯಾಗಿಬಿಡುತ್ತದೆ. ಅಂಥ ಕಡೆ ದಂಡಕ್ಕೂ ಸುರುಳಿಗೂ ನಡುವೆ ತೆರಪು ಬಿಟ್ಟ ಪಟ್ಟಿಯ ತಿರುಪನ್ನು ಬಳಸುತ್ತಾರೆ. ನಮ್ಮ ಹೆಣ್ಣುಮಕ್ಕಳು ಕೈಯಿಂದ ತಿರುವುವ ಶ್ಯಾವಿಗೆ ಯಂತ್ರದಲ್ಲಿ ಕಣಕವನ್ನು ಮುಂದಕ್ಕೆ ನೂಕುವುದೂ ಇಂಥದೇ ತಿರುಪು. ಕಣಕ ಮಿದುವಾದರೆ ಹಿಡಿಕೆ ಸುತ್ತುತ್ತದೆ, ಶ್ಯಾವಿಗೆ ಬಾರದು. ನಟ್ಟು ಜಾರುತ್ತಿದೆ ಎಂದರ್ಥ.

ಇನ್ನು ಸ್ವಲ್ಪ ಲೆಕ್ಕ. ಸುರುಳಿಯ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ದೂರಕ್ಕೆ ಪಿಚ್ ಎಂದು ಹೆಸರು. ಇಲ್ಲಿ ಅಂತರವೆಂದು ಹೇಳುತ್ತೇನೆ. ಸಾಮಾನ್ಯ ತಿರುಪಿನಲ್ಲಿ ಅಂತರವು ಸುರುಳಿಯ ವ್ಯಾಸಕ್ಕೆ ಸಮವಾಗಿರುತ್ತದೆ. ವ್ಯಾಸ 300 ಮಿಲಿಮೀಟರು, ದಂಡದ ದಪ್ಪ 75, ಅಂತರ 300 ಎಂದಿಟ್ಟುಕೊಂಡರೆ, ಒಂದು ಸುತ್ತಿನೊಳಗಿನ ಸ್ಥಳ ಸುಮಾರು 20 ಲೀಟರು. ನಿಮಿಷಕ್ಕೆ 60 ಸುತ್ತು ತಿರುಗಿ, ಆ ಸ್ಥಳದ ಶೇಕಡಾ 30 ಭಾಗ ಮಾತ್ರ ತುಂಬಿದ್ದರೆ, ಗಂಟೆಗೆ 21 ಘನಮೀಟರಿನ ಮೇಲೆ, ಅಂದರೆ ಸುಮಾರು 15 ಟನ್ನು ಗೋವಿನಜೋಳ ಸಾಗುತ್ತದೆ. ಪೂರ್ತಿ ಏಕೆ ತುಂಬಬಾರದು? ಸಾಗಿಸುವ ತಿರುಪಿಗೆ ಮೈತುಂಬ ಹೊರೆ ಹೊರಿಸಿದರೆ ಸರಕು ದಂಡದ ಮೇಲೆ ಹಾರಿ ಹಿಂದಕ್ಕೆ ಉರುಳುತ್ತದೆ, ನಡುವಣ ಬೇರಿಂಗುಗಳಲ್ಲಿ ತುರುಕಿಕೊಳ್ಳುತ್ತದೆ. ಹಗುರಾಗಿ ಹರಿಯುವ ಸರಕಿಗೆ ಶೇಕಡಾ 45, ಸಾಧಾರಣಕ್ಕೆ 30, ಉಕ್ಕನ್ನೇ ತೇಯುವ ಒರಟು ಸರಕಿಗೆ 15 ಎಂಬುದು ರೂಢಿಯ ಮಿತಿ. ಕಾಂಕ್ರೀಟು ಬೆರೆಸುವ ಸ್ಥಾವರಗಳಲ್ಲಿ ಸಿಮೆಂಟಿನ ಸೈಲೊದಿಂದ ತೂಕದ ತೊಟ್ಟಿಗೆ ಓರೆಯಾಗಿ ಏರಿರುವ ಉಕ್ಕಿನ ಕೊಳವೆಯೊಳಗೂ ತಿರುಪೇ ಇದೆ. ಏರಿಕೆ ಕಡಿದಾದಷ್ಟೂ ಅದರ ಸಾಮರ್ಥ್ಯ ಇಳಿಯುವುದರಿಂದ ಅಲ್ಲಿ ದೋಣಿಯ ಬದಲು ಬಿಗಿಯಾದ ಕೊಳವೆ, ಕಿರಿದಾದ ಅಂತರ.

ಈವರೆಗೆ ಹೇಳಿದ್ದು ಸಾಗಿಸುವ ತಿರುಪು. ಸೈಲೊದ ಬಾಯ ಕೆಳಗಿರುವುದು ಉಣಿಸುವ ತಿರುಪು. ಅದನ್ನು ಫೀಡರ್ ಎನ್ನುತ್ತಾರೆ. ಎರಡೂ ನೋಡಲು ಒಂದೇ, ಗುಣದಲ್ಲಿ ಅಜಗಜಾಂತರ. ಸಾಗಿಸುವ ತಿರುಪಿಗೆ ಬೇರೊಬ್ಬರು ಅಳೆದು ಕೊಡುತ್ತಾರೆ. ಉಣಿಸುವ ತಿರುಪು ಸರಕಿನಲ್ಲಿ ಮುಳುಗಿರುತ್ತದೆ. ಎಷ್ಟು ಸ್ಥಳವಿದೆಯೋ ಅಷ್ಟನ್ನೂ ತುಂಬಿಕೊಳ್ಳುತ್ತದೆ. ತೊಡಕು ಇಲ್ಲಿಯೇ.

ನಮ್ಮ ತಾಲ್ಲೂಕಿನಿಂದ ಜಿಲ್ಲಾಸ್ಥಳಕ್ಕೆ ಹೋಗುವ ಬೆಳಗಿನ ಬಸ್ಸನ್ನು ನೆನೆಯಿರಿ. ಹೊರಡುವ ನಿಲ್ದಾಣದಲ್ಲಿಯೇ ಅದು ತುಂಬಿಬಿಟ್ಟರೆ ದಾರಿಯ ಹಳ್ಳಿಗಳಲ್ಲಿ ಕಾದು ನಿಂತವರ ಗತಿಯೇನು? ಬಸ್ಸು ಪ್ರತಿ ಹಳ್ಳಿಯಲ್ಲಿಯೂ ಹಾದುಹೋಗುತ್ತದೆ, ಒಬ್ಬರನ್ನೂ ಹತ್ತಿಸಿಕೊಳ್ಳುವುದಿಲ್ಲ. ಸಮ ಅಂತರದ ತಿರುಪನ್ನು ಸೀಳುಬಾಯಿಯ ಕೆಳಗಿಟ್ಟರೆ ಆಗುವುದು ಇದೇ. ಹೊರಬಾಯಿಗೆ ಅತಿ ದೂರದಲ್ಲಿರುವ ಹಿಂದಿನ ತುದಿಯಲ್ಲಿ ಮೊದಲ ಸುತ್ತು ಭರ್ತಿಯಾಗುತ್ತದೆ. ಅಲ್ಲಿಂದ ಮುಂದೆ ಎಲ್ಲ ಸುತ್ತುಗಳಲ್ಲಿಯೂ ಅಷ್ಟೇ ಸ್ಥಳ. ತುಂಬಿದ ಸುತ್ತು ಮುಂದೆ ಸರಿಯುತ್ತದೆಯೇ ಹೊರತು ಮೇಲಿನಿಂದ ಇನ್ನೊಂದು ಹಿಡಿಯನ್ನೂ ಸ್ವೀಕರಿಸದು. ಸೀಳು 1.8 ಮೀಟರು ಉದ್ದವಿದ್ದು ಅಂತರ 0.3 ಮೀಟರಾದರೆ, ಸ್ಥೂಲವಾಗಿ ಆರರಲ್ಲಿ ಒಂದು ಪಾಲು ಮಾತ್ರ ಜೀವಂತ. ಉಳಿದ ಐದು ಪಾಲಿನ ಮೇಲಿರುವ ಸರಕು ನಿಶ್ಚಲ. ಮೊದಲ ಬೆಂಚಿನವರ ಉತ್ತರದಿಂದಲೇ ಸಂತುಷ್ಟನಾಗಿ ಪಾಠ ಮುಗಿಸುವ ಉಪಾಧ್ಯಾಯನ ನೆನಪು ನನಗಾಯಿತು. ಆ ಉಪಾಧ್ಯಾಯ ಯಾರೆಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಊಹಿಸಬಲ್ಲರು.

ನನ್ನ ಶಿಷ್ಯನ ಕಾರ್ಖಾನೆಯ ತೌಡಿನ ಸೈಲೊದಲ್ಲಿ ಇದ್ದದ್ದು ಇಂಥ ಸಮ ಅಂತರದ ತಿರುಪೇ. ಮಳೆಗಾಲದಲ್ಲಿ ತೌಡು ತೇವ ಹೀರಿ ನಿಂತಲ್ಲಿಯೇ ಗಟ್ಟಿಯಾಗುತ್ತಿತ್ತು. ತಿಂಗಳಿಗೆ ಎರಡು ಮೂರು ಸಲ ಒಬ್ಬರು ಮೇಲಿನ ಕಿಂಡಿಯಿಂದ ಹಾರೆ ಹಿಡಿದು ಇಳಿದು ಕಟ್ಟಿದ ಕಮಾನನ್ನು ಕೆಡಹುತ್ತಿದ್ದರು. ಅದೊಂದು ದಿನಚರಿಯೇ ಆಗಿಹೋಗಿತ್ತು. ಆ ದಿನ ಇಳಿದವರು ಐವತ್ತು ದಾಟಿದ, ಎಲ್ಲರೂ ಕಾಕಾ ಎಂದು ಕರೆಯುವ ಅನುಭವಸ್ಥರು. ಸ್ವಿಚ್ಚಿನ ಹತ್ತಿರ ನಿಂತ ಹುಡುಗ ಕೇಳಿದನಂತೆ: "ಕಾಕಾ, ಮಷೀನ ಬಂದ್ ಮಾಡ್ಲೇನ್ರಿ?" ಅವರು ಮೇಲಿನಿಂದಲೇ ಕೂಗಿ ಹೇಳಿದರು: "ಬ್ಯಾಡೋ ತಮ್ಮಾ, ಚಾಲೂ ಇರ್ಲಿ. ಬಿದ್ದದ್ದು ತಿಳೀಬೇಕಲ್ಲ."

ಗಟ್ಟಿ ನೆಲದಂತೆ ಕಂಡದ್ದರ ಮೇಲೆ ಅವರು ಕಾಲಿಟ್ಟರು. ಕೆಳಗೆ ಪೊಳ್ಳಿತ್ತು. ಕಮಾನು ಮುರಿದು ತೌಡಿನೊಡನೆ ಅವರೂ ಇಳಿದರು. ಸುತ್ತಲಿನ ಗೋಡೆಯಂಥ ತೌಡು ಅವರ ಮೇಲೆ ಜರಿಯಿತು. ಕೂಗು ಕೇಳಿದೊಡನೆ ಹುಡುಗ ಸ್ವಿಚ್ಚು ಒತ್ತಿದ್ದರಿಂದ ಎದೆಯಮಟ್ಟಕ್ಕೆ ನಿಂತಿತು. ಹಗ್ಗ ಬಿಟ್ಟು ನಾಲ್ವರು ಎಳೆದರು. ಅವರು ನೋವಿನಿಂದ ಚೀರಿದರೇ ಹೊರತು ಒಂದಂಗುಲ ಮೇಲೆ ಬರಲಿಲ್ಲ. ಹೂತ ದೇಹವನ್ನು ಸರಕು ಎಲ್ಲ ಕಡೆಯಿಂದಲೂ ಘರ್ಷಣೆಯಿಂದ ಹಿಡಿದಿರುತ್ತದೆ. ಉಸಿರು ಹೊರಗೆ ಬಿಟ್ಟಾಗ ಎದೆ ತಗ್ಗಿದ ಜಾಗಕ್ಕೆ ಅದು ನುಗ್ಗಿ ಇನ್ನಷ್ಟು ಬಿಗಿಯುತ್ತದೆ. ಬಲವಾಗಿ ಎಳೆಯುವುದು ಹಿತವಲ್ಲ. ಅಲ್ಲಿ ಯಾರಿಗೋ ಬುದ್ಧಿ ಹೊಳೆದು, ಅವರ ಸುತ್ತ ಹಲಗೆಗಳನ್ನು ನೆಟ್ಟು ಪೆಟ್ಟಿಗೆಯಂತೆ ಮಾಡಿ, ಒಳಗಿನ ತೌಡನ್ನು ಡಬ್ಬಿಯಿಂದ ಮೊಗೆದು ಹೊರಹಾಕಿದರು. ಎರಡೂವರೆ ಗಂಟೆ ಹಿಡಿಯಿತು. ಅವರು ಬದುಕಿದರು. ಪರದೇಶಗಳಲ್ಲಿ ಇಂಥ ಪ್ರಸಂಗಕ್ಕೆಂದೇ ಜೋಡಿಸುವ ಫಲಕಗಳನ್ನು ಸಿದ್ಧವಾಗಿಟ್ಟಿರುತ್ತಾರೆಂದು ಆಮೇಲೆ ಓದಿದೆ. ಉಪಾಯ ಅದೇ.

ವಿಚಾರಣೆ ನಡೆಯಿತು. ಮೊದಲು ಮಳೆಯನ್ನು ದೂರಿದರು, ಬಳಿಕ ತೌಡು ಕಳಿಸಿದವರನ್ನು, ಕೊನೆಗೆ ಹಾಸಿಗೆಯಲ್ಲಿದ್ದ ಕಾಕಾ ಅವರನ್ನೇ. ನನ್ನ ಶಿಷ್ಯ ಮಾತ್ರ ಒಂದು ಸಂಗತಿಯನ್ನು ಹಿಂದೆಯೇ ಕಂಡಿದ್ದ. ಸೈಲೊ ಬರಿದಾಗುವಾಗಲೆಲ್ಲ ಹಿಂದಿನ ಮೂಲೆಯಲ್ಲಿ ಬಾವಿಯಂತೆ ತಗ್ಗು, ಮುಂದುಗಡೆ ಗುಡ್ಡ. "ಗುರುಗಳ, ಎಲ್ಲಾ ಒಂದ ಕಡಿಂದ ಇಳಿತಿತ್ರಿ. ಉಳಿದದ್ದು ಗ್ವಾಡಿ ಆಗಿ ನಿಂತಿತ್ತು. ಕಾಕಾ ದಿನಾ ಇಳೀಬೇಕಾಗಿ ಬಂದದ್ದ ಅದರಿಂದ್ರಿ" ಎಂದು ಆತ ನನಗೆ ಹೇಳಿದ. ನಕ್ಷೆ ತೆಗೆಸಿ ನೋಡಿದರೆ, ಸಾಗಿಸುವ ತಿರುಪನ್ನೇ ಉಣಿಸುವ ಜಾಗದಲ್ಲಿ ಕೂಡಿಸಿದ್ದರು. ಮಾಡಿದವರು ಯಾರೆಂಬುದು ಇಲ್ಲಿ ಅಪ್ರಕೃತ.

ಹೊಸ ತಿರುಪಿನಲ್ಲಿ ಹಿಂದಿನ ತುದಿಯ ಅಂತರ 100 ಮಿಲಿಮೀಟರು. ಅಲ್ಲಿಂದ ಸ್ವಲ್ಪಸ್ವಲ್ಪವೇ ಹಿಗ್ಗುತ್ತ ಸೀಳಿನ ಮುಂತುದಿಯಲ್ಲಿ 250. ಸೀಳು ಮುಗಿದು ಮುಚ್ಚಿದ ದೋಣಿಯಲ್ಲಿ 300. ಮೊದಲ ಸುತ್ತು ಹಿಡಿಯುವುದು ಸುಮಾರು 6.6 ಲೀಟರು, ಸೀಳಿನ ಕೊನೆಯ ಸುತ್ತು ಸುಮಾರು 16.5. ಹೀಗಾಗಿ ಮುಂದೆ ಸರಿದಂತೆಲ್ಲ ಹೆಚ್ಚುವ ಹತ್ತು ಲೀಟರಿನ ಜಾಗಕ್ಕೆ ದಾರಿಯುದ್ದಕ್ಕೂ ಮೇಲಿನ ತೌಡು ಇಳಿಯುತ್ತದೆ. ಬಸ್ಸಿಗೆ ಪ್ರತಿ ಹಳ್ಳಿಯಲ್ಲಿ ನಾಲ್ಕು ಆಸನ ಕೂಡಿಸಿದ ಹಾಗೆ. ಮೊದಲ ಸುತ್ತಿನ ಪಾಲು ಆಗಲೂ ಸ್ವಲ್ಪ ಹೆಚ್ಚೇ. ಅದನ್ನು ತಗ್ಗಿಸಲು ಹಿಂತುದಿಯಲ್ಲಿ ದಂಡವನ್ನು ದಪ್ಪಗೆ ಮಾಡಿ ಮುಂದಕ್ಕೆ ಸಣ್ಣದಾಗಿಸುವುದುಂಟು. ದಂಡ ದಪ್ಪವಾದಷ್ಟು ಸ್ಥಳ ಕಡಿಮೆಯಷ್ಟೆ. ಅಂತರವನ್ನು ವ್ಯಾಸದ ಮೂರರಲ್ಲೊಂದಕ್ಕಿಂತ ಬಹಳ ಕಿರಿದು ಮಾಡಿದರೆ ಸರಕು ಸುತ್ತುಗಳ ನಡುವೆ ಕಚ್ಚಿಕೊಳ್ಳುತ್ತದೆ. ವ್ಯಾಸವನ್ನು ಮೀರಿದರೆ ಮುಂದೆ ಸಾಗದೆ ಹೊರಳಾಡುತ್ತದೆ. ಈ ಎರಡು ಮೇರೆಗಳ ನಡುವೆಯೇ ಹಿಗ್ಗಬೇಕಾದ್ದರಿಂದ ಸೀಳಿನ ಉದ್ದ ವ್ಯಾಸದ ಆರು ಮಡಿಯೊಳಗೆ ಇರುವುದು ಲೇಸು. ತಿರುಪೊಂದೇ ಸರ್ವರೋಗಗಳಿಗೂ ಮದ್ದಲ್ಲ. ಆ ಕಾರ್ಖಾನೆಯಲ್ಲಿ ಆಲಿಕೆಯ ಗೋಡೆಗಳನ್ನೂ ಕಡಿದಾಗಿಸಿ ಒಳಮೈಗೆ ನುಣುಪಾದ ತಗಡು ಹೊದಿಸಿದರು. ಅನಂತರ ತೌಡು ಒಂದೇ ಮಟ್ಟದಲ್ಲಿ ಇಳಿಯಿತು, ಹಳೆಯದು ಮೊದಲು ಬಂದಿತು, ಕಿಂಡಿಯ ಬಾಗಿಲಿಗೆ ಬೀಗ ಬಿದ್ದಿತು.

ಬೀಗದ ಮಾತು ಬಂದದ್ದರಿಂದ ಒಂದೆರಡು ಸಂಗತಿ. ತೊಟ್ಟಿ, ಕುಳಿ, ಕೊಠಡಿಗಳಂಥ ಇಕ್ಕಟ್ಟಿನ ಸ್ಥಳದಲ್ಲಿ ಕೆಟ್ಟ ಗಾಳಿಯ ಶಂಕೆಯಿದ್ದರೆ, ಬಲ್ಲವರು ಪರೀಕ್ಷಿಸಿ ಲಿಖಿತ ಪ್ರಮಾಣಪತ್ರ ಕೊಡದೆ, ಅಥವಾ ಉಸಿರಾಟದ ಸಾಧನವನ್ನೂ ಸೊಂಟಪಟ್ಟಿಯನ್ನೂ ಧರಿಸಿ ಪಟ್ಟಿಯ ಹಗ್ಗದ ತುದಿಯನ್ನು ಹೊರಗಿನವರ ಕೈಗೆ ಕೊಡದೆ, ಯಾರೂ ಒಳಗೆ ಹೋಗಕೂಡದೆಂದು ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯ 36ನೆಯ ಕಲಮು ವಿಧಿಸಿತ್ತು. ಅಮೆರಿಕೆಯಲ್ಲಿ ಧಾನ್ಯದ ಉಗ್ರಾಣಗಳಿಗೆಂದೇ 1987ರಲ್ಲಿ ಬಂದ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಳಗೆ ಹೋಗುವ ಮುನ್ನ ಅಪಾಯಕಾರಿಯಾದ ಯಂತ್ರವನ್ನು ನಿಲ್ಲಿಸಿ ಬೀಗ ಹಾಕಬೇಕೆಂದವು. ಕಾಳನ್ನು ಹರಿಯಿಸಲು ಅದರ ಮೇಲೆ ನಡೆದು ತುಳಿಯುವುದನ್ನು ನಿಷೇಧಿಸಿದವು. ಹರಿಯುವ ಕಾಳಿನಲ್ಲಿ ಸಿಕ್ಕವನು ತಾನಾಗಿ ಬಿಡಿಸಿಕೊಳ್ಳಲಾರದಷ್ಟು ಆಳಕ್ಕೆ ಇಳಿಯಲು ಕೆಲವೇ ಸೆಕೆಂಡುಗಳು ಸಾಕು. ಕಾಕಾ ಅವರಿಗೆ ಈ ಯಾವ ಮಾತನ್ನೂ ಯಾರೂ ಹೇಳಿರಲಿಲ್ಲ.

ನಮ್ಮ ದೇಶದಲ್ಲಿ ಇದು ಕೆಲವರ ಸಮಸ್ಯೆಯಾಗಿ ಉಳಿದಿಲ್ಲ. ಧಾನ್ಯವನ್ನು ಚೀಲಗಳ ಬದಲು ಸೈಲೊಗಳಲ್ಲಿ ಸಂಗ್ರಹಿಸಬೇಕೆಂಬ ರಾಷ್ಟ್ರೀಯ ನೀತಿ 2000ದಲ್ಲಿ ಬಂದಿತು. ಅದರಂತೆ ಪಂಜಾಬಿನ ಮೊಗಾದಲ್ಲಿಯೂ ಹರಿಯಾಣದ ಕೈಥಲಿನಲ್ಲಿಯೂ ತಲಾ 2 ಲಕ್ಷ ಟನ್ನು ಗೋಧಿ ಹಿಡಿಸುವ ಸೈಲೊಗಳ ಸಮೂಹ ಎದ್ದಿತು. ಗೋಧಿ ಬಂದಿಳಿಯುವ ದೂರದ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು. ಚಪ್ಪಟೆ ತಳದ ದೊಡ್ಡ ಸೈಲೊಗಳಲ್ಲಿ ತನ್ನಷ್ಟಕ್ಕೆ ಇಳಿಯುವಷ್ಟು ಕಾಳು ಇಳಿದ ಮೇಲೂ ಗೋಡೆಯ ಸುತ್ತ ಓರೆಯಾದ ರಾಶಿ ಉಳಿಯುತ್ತದೆ. ಅದನ್ನು ನಡುವಿನ ತೂತಿಗೆ ಗುಡಿಸಿ ತರಲು, ಗಾಣದ ಎತ್ತಿನಂತೆ ತಳದ ಮೇಲೆ ಸುತ್ತು ಹಾಕುತ್ತ ತನ್ನ ಅಕ್ಷದಲ್ಲಿಯೂ ತಿರುಗುವ ಇನ್ನೊಂದು ಬಗೆಯ ತಿರುಪಿದೆ. ಅದು ತಿರುಗುವಾಗ ಹತ್ತಿರ ಹೋದವರ ಕಾಲು ಕಳೆದದ್ದುಂಟು.

ಕೊನೆಯದಾಗಿ ಉಪಾಧ್ಯಾಯ ಮಿತ್ರರಿಗೆ ಒಂದು ಪ್ರಯೋಗ. ಒಂದಡಿ ಉದ್ದ, ನಾಲ್ಕು ಅಂಗುಲ ಅಗಲದ, ಮುಂದುಗಡೆ ಗಾಜು ಕೂಡಿಸಿದ ಹಲಗೆಯ ಪೆಟ್ಟಿಗೆಯನ್ನು ಬಡಿಗನಿಂದ ಮಾಡಿಸಿರಿ. ತಳಕ್ಕೆ ಉದ್ದುದ್ದ ಸೀಳಿದ ಪ್ಲಾಸ್ಟಿಕ್ ಪೈಪಿನ ಅರ್ಧವೇ ದೋಣಿ. ಮರದ ಕೋಲಿಗೆ ದಪ್ಪ ತಂತಿಯನ್ನು ಸಮ ಅಂತರದಲ್ಲಿ ಸುತ್ತಿದ್ದು ಒಂದು ತಿರುಪು. ಅಂತರ ಕ್ರಮವಾಗಿ ಹಿಗ್ಗುವಂತೆ ಸುತ್ತಿದ್ದು ಇನ್ನೊಂದು. ಒಂದು ಪದರ ಜೋಳ, ಒಂದು ಪದರ ರಾಗಿ ಹೀಗೆ ತುಂಬಿ ಹಿಡಿಕೆಯನ್ನು ತಿರುವಿದರೆ, ಮೊದಲನೆಯದರಲ್ಲಿ ಪದರಗಳು ಹಿಂದಿನ ಮೂಲೆಯಲ್ಲಿ ಮಾತ್ರ ಕುಸಿಯುತ್ತವೆ. ಎರಡನೆಯದರಲ್ಲಿ ಬಹುಮಟ್ಟಿಗೆ ಮಟ್ಟಸವಾಗಿ ಇಳಿಯುತ್ತವೆ. ನಮ್ಮ ಎಂಟನೆಯ ತರಗತಿಯ ಮಕ್ಕಳೆದುರು ಮಾಡಿ ತೋರಿಸಿದಾಗ ಒಬ್ಬ ಹುಡುಗಿ, "ಗುರುಗಳೇ, ಎರಡನೇದನ್ನ ಹಿಂದುಮುಂದು ಮಾಡಿ ಕೂಡಿಸಿದರ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಸುರುಳಿಯ ಸುತ್ತು ಬದಲಾಗದಂತೆ ತಂತಿಯನ್ನು ಕಳಚಿ ತಿರುವುಮುರುವಾಗಿ ಕೂಡಿಸಿ ನೋಡಿದೆವು. ಹಿಂದೆ ಹೆಚ್ಚು ಹಿಡಿದ ಕಾಳಿಗೆ ಮುಂದೆ ಜಾಗ ಸಾಲದೆ ಹಿಡಿಕೆ ಬಿಗಿಯಿತು, ರಾಗಿ ಪುಡಿಯಾಯಿತು, ಹಟಕ್ಕೆ ಇನ್ನೊಂದು ಸುತ್ತು ತಿರುವಿದಾಗ ಗಾಜು ಬಿರಿಯಿತು. ಶೇಂಗಾದಿಂದ ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರಿನಲ್ಲಿ ಬೇಕೆಂದೇ ಮಾಡುವುದು ಇದನ್ನೇ ಎಂದು ನನ್ನ ಶಿಷ್ಯ ಆಮೇಲೆ ತಿಳಿಸಿದ. ಪೆಟ್ಟಿಗೆಗೆ ಈಗ ದಪ್ಪ ಗಾಜು ಹಾಕಿಸಿದೆ. ನೋಡಬಯಸುವವರಿಗಾಗಿ ವಿಜ್ಞಾನದ ಕೊಠಡಿಯ ಕಿಟಕಿಯ ಬಳಿ ಇಟ್ಟಿದ್ದೇವೆ.